ಪ್ಯಾಪ್ ಟೆಸ್ಟ್ ನಾರ್ಮಲ್ ಇದ್ದರೂ ಅಕ್ಕನಿಗೆ ಕ್ಯಾನ್ಸರ್ ಬಂದದ್ದು ಹೇಗೆ?

ಪ್ರಶ್ನೆ: ನನ್ನ ಅಕ್ಕನಿಗೆ 46 ವರ್ಷ. ಆರು ವರ್ಷದ ಹಿಂದೆ ಶಿಬಿರವೊಂದರಲ್ಲಿ ಪ್ಯಾಪ್ ಸ್ಮಿಯರ್ (ಗರ್ಭಕೋಶದ ಬಾಯಿಯಿಂದ ಜೀವಕೋಶ ತೆಗೆದು ನೋಡುವ ಪರೀಕ್ಷೆ) ಮಾಡಿಸಿದ್ದಳು, ರಿಪೋರ್ಟ್ ನಾರ್ಮಲ್ ಇತ್ತು. ಹೋದ ವರ್ಷದಿಂದ ಮುಟ್ಟಿನ ನಡುವೆ ರಕ್ತ ಹೋಗುತ್ತಿದ್ದರೂ ‘ಟೆಸ್ಟ್ ಆಗಿದೆಯಲ್ಲ’ ಎಂದು ಸುಮ್ಮನಿದ್ದಳು. ಈಗ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ಎಂದಿದ್ದಾರೆ. ಮತ್ತೆ ಈ ಪರೀಕ್ಷೆಯಿಂದ ಏನು ಪ್ರಯೋಜನ? ನಾನೂ ಮಾಡಿಸಬೇಕೇ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಮೊದಲು ಒಂದು ಮಾತು: ರಕ್ತಸ್ರಾವ ಶುರುವಾದ ಮೇಲೆ ಹಳೆಯ ನಾರ್ಮಲ್ ರಿಪೋರ್ಟಿಗೆ ಬೆಲೆಯಿಲ್ಲ. ಪ್ಯಾಪ್ ಇರುವುದು ಯಾವ ತೊಂದರೆಯೂ ಇಲ್ಲದವರಿಗೆ. ಮುಟ್ಟಿನ ನಡುವೆ, ಸಂಭೋಗದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಸ್ತ್ರೀರೋಗ ತಜ್ಞರು ಗರ್ಭಕಂಠವನ್ನು ಕಣ್ಣಾರೆ ನೋಡಬೇಕು, ಅನುಮಾನವಿದ್ದರೆ ಬಯಾಪ್ಸಿ (ಚೂರು ಅಂಗಾಂಶ ತೆಗೆದು ಪರೀಕ್ಷೆ) ಮಾಡಬೇಕು. ನಿನ್ನೆಯಷ್ಟೇ ಪ್ಯಾಪ್ ನಾರ್ಮಲ್ ಬಂದಿದ್ದರೂ ಸರಿಯೇ.

ಇನ್ನು ಪರೀಕ್ಷೆ ತಪ್ಪುವುದು ಹೇಗೆ? ಗರ್ಭಕಂಠದಲ್ಲಿ ರೋಗ ಹುಟ್ಟುವ ಅಂಚಿನಿಂದ ಜೀವಕೋಶ ಬಾರದಿರಬಹುದು. ವಯಸ್ಸಾದಂತೆ ಆ ಅಂಚು ಒಳಕ್ಕೆ ಸರಿಯುತ್ತದೆ. ಬಂದ ಅಸಹಜ ಜೀವಕೋಶ ಸ್ಲೈಡ್ ನೋಡುವವರ ಕಣ್ಣಿಗೆ ಬೀಳದಿರಬಹುದು. ಗ್ರಂಥಿಗಳಲ್ಲಿ ಹುಟ್ಟುವ ಅಡಿನೋಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರ್ ಪ್ಯಾಪ್‌ಗೆ ಸುಲಭವಾಗಿ ಸಿಗುವುದಿಲ್ಲ. ಆದರೆ ಈ ಕ್ಯಾನ್ಸರಿಗೆ ಮುಖ್ಯ ಕಾರಣವಾದ ಎಚ್‌ಪಿವಿ ಎಂಬ ವೈರಸ್‌ನ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತಾರು ವರ್ಷ ಹಿಡಿಯುವುದರಿಂದ, ಒಮ್ಮೆ ತಪ್ಪಿದ್ದು ಮೂರು ವರ್ಷದ ನಂತರದ ಪರೀಕ್ಷೆಯಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಅಕ್ಕನಿಗೆ ಆ ಎರಡನೇ ಅವಕಾಶ ಸಿಗಲಿಲ್ಲ. ಅದು ಅವರ ತಪ್ಪಲ್ಲ. ಶಿಬಿರ ನಡೆಸಿದವರು ‘ಮತ್ತೆ ಬನ್ನಿ’ ಎಂದು ಹೇಳಿ, ಕರೆಸಿಕೊಳ್ಳಬೇಕಿತ್ತು. ವರದಿ ಅಸಹಜ ಬಂದರೂ ಚಿಕಿತ್ಸೆಗೆ ಮರಳದ ಹೆಂಗಸರು ಎಷ್ಟೋ ಮಂದಿ. ಅಲ್ಲೂ ಪರೀಕ್ಷೆ ವ್ಯರ್ಥವಾಗುತ್ತದೆ.

ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ 1.3 ಲಕ್ಷ ಹಳ್ಳಿ ಹೆಂಗಸರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಸಲ ಎಚ್‌ಪಿವಿ ಪರೀಕ್ಷೆ (ಆ ವೈರಸ್ ಇದೆಯೇ ಎಂದು ನೋಡುವುದು) ಆದವರಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಒಂದೇ ಸಲ ಪ್ಯಾಪ್ ಆದವರಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಇಷ್ಟಾದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49ರ ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠ ತಪಾಸಣೆ ಆದವರು ಶೇ 1.9 ಮಾತ್ರ. ನನಗೆ ನಿಜವಾಗಿ ನೋವು ತರುವುದು ಈ ಅಂಕಿ.

ನೀವು ಖಂಡಿತ ಮಾಡಿಸಿ. ಇದು ಮುಖ್ಯವಾಗಿ ವೈರಸ್‌ನಿಂದ ಬರುವ ಕಾಯಿಲೆ. ಅಕ್ಕನಿಗೆ ಬಂತೆಂದು ನಿಮಗೂ ಬರಬೇಕೆಂದಿಲ್ಲ. 30 ದಾಟಿದ್ದರೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಕೇಳಿ, ನೆಗೆಟಿವ್ ಬಂದರೆ ಐದು ವರ್ಷಕ್ಕೊಮ್ಮೆ ಸಾಕು. ಪಾಸಿಟಿವ್ ಬಂದರೆ ಕ್ಯಾನ್ಸರ್ ಎಂದಲ್ಲ, ಕಾಲ್ಪೋಸ್ಕೋಪಿಯಂಥ (ಗರ್ಭಕಂಠವನ್ನು ದೊಡ್ಡದಾಗಿ ಕಾಣಿಸುವ ಉಪಕರಣದಿಂದ ನೋಡುವುದು) ಮುಂದಿನ ತಪಾಸಣೆ ಬೇಕು ಎಂದಷ್ಟೇ. ರಿಪೋರ್ಟನ್ನು ನೀವೇ ಹೋಗಿ ಪಡೆದು ವೈದ್ಯರಿಗೆ ತೋರಿಸಿ.