ಜಪಾನಿ ಪದಗಳು ಓದುವಾಗ ಗೊತ್ತಾಗುತ್ತವೆ, ಮಾತಾಡುವಾಗ ಯಾಕೆ ಬರುವುದಿಲ್ಲ?

ಎನ್5 ಪರೀಕ್ಷೆಗೆ (ಜಪಾನಿ ಭಾಷಾ ಪರೀಕ್ಷೆಯ ಅತಿ ಸುಲಭದ ಹಂತ) ಅಂತ 800 ಪದ ಬಾಯಿಪಾಠ ಮಾಡಿದ್ದೀನಿ, ಮಾತಾಡಲು ಹೋದರೆ ಒಂದೂ ನೆನಪಾಗಲ್ಲ ಅಂತ ಬರೆದಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ. ಆ ಪರೀಕ್ಷೆಯಲ್ಲಿ ಮಾತಾಡುವ ಭಾಗವೇ ಇಲ್ಲ, ಹಾಗಾಗಿ ನಾವು ಪದ ನೋಡಿ ಗುರುತು ಹಿಡಿಯುವುದನ್ನಷ್ಟೇ ಕಲಿತಿರುತ್ತೇವೆ. ನನಗೂ ಹೀಗೇ ಆಗಿತ್ತು.

ನಾನು ಮಾಡಿದ ದೊಡ್ಡ ತಪ್ಪು ಅಂದರೆ ಒಂದು ಜಪಾನಿ ಪದಕ್ಕೆ ಒಂದು ಇಂಗ್ಲಿಷ್ ಅರ್ಥ ಬರೆದುಕೊಂಡು ಉರು ಹೊಡೆದಿದ್ದು. ಇಂಗ್ಲಿಷಿನಲ್ಲಿ ಏನೇ ಹಾಕಿಕೊಂಡರೂ 'ವೇರ್' ಸಾಕು. ಜಪಾನಿಯಲ್ಲಿ ಅಂಗಿಗೆ ಕಿರು, ಪ್ಯಾಂಟು ಶೂಗಳಿಗೆ ಹಕು, ಟೋಪಿಗೆ ಕಬುರು, ಕನ್ನಡಕಕ್ಕೆ ಕಕೆರು. ನಾನು ಎಲ್ಲದಕ್ಕೂ ಕಿರು ಅನ್ನುತ್ತಿದ್ದೆ, ಟೀಚರ್ ತಿದ್ದುತ್ತಲೇ ಇದ್ದರು. ಒಂದು ದಿನ ಹೊಳೆಯಿತು, ನಾವೂ ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಅಲ್ವಾ? 'ಹೂ ಉಟ್ಟಳು' ಅಂತ ಯಾರೂ ಹೇಳಲ್ಲ. ಅಂದಿನಿಂದ ಕ್ರಿಯಾಪದವನ್ನು ಒಂಟಿಯಾಗಿ ಬರೆದುಕೊಳ್ಳುವುದು ಬಿಟ್ಟೆ. 'ಬೋಶಿ ಒ ಕಬುರು', ಅಂದರೆ ಟೋಪಿ ಹಾಕಿಕೊಳ್ಳುವುದು, ಅಂತ ಜೋಡಿಯಾಗಿಯೇ ಬರೆದೆ. ಆಮೇಲೆ ಟೋಪಿ ನೆನಪಾದರೆ ಕಬುರು ತಾನಾಗಿಯೇ ಬರುತ್ತಿತ್ತು.

ಕನ್ನಡ ಇಂಥ ಕಡೆ ತುಂಬ ಕೈ ಹಿಡಿಯುತ್ತದೆ. ಹಿತೊರಿ, ಫುತಾರಿ ಅಂದರೆ ನಮ್ಮ ಒಬ್ಬರು, ಇಬ್ಬರು. ಜನರನ್ನು ಎಣಿಸಲು ಬೇರೆ ಪದ ಯಾಕೆ ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಪೆರಾಪೆರಾ ಮಾತಾಡುವುದು ನಮ್ಮ ಪಟಪಟ ಮಾತು. ಮಳೆ ನಮಗೆ ಧೋ ಅಂತ ಸುರಿದರೆ ಅವರಿಗೆ ಜಾ಼ಜಾ಼.

ಕಾಂಜಿಯನ್ನು, ಅಂದರೆ ಒಂದೊಂದಕ್ಕೂ ಅರ್ಥವಿರುವ ಚೀನೀ ಮೂಲದ ಅಕ್ಷರಗಳನ್ನು, ಆಮೇಲೆ ನೋಡೋಣ ಅಂತ ಮುಂದೂಡಬೇಡಿ. ದಿನಬಳಕೆಗೆ ಅಂತ ಜಪಾನ್ ಸರ್ಕಾರ ಗೊತ್ತು ಮಾಡಿರುವ 2,136 ಅಕ್ಷರಗಳನ್ನು ನೋಡಿ ಹೆದರುವುದೂ ಬೇಡ, ಸದ್ಯಕ್ಕೆ ನೂರರಷ್ಟು ಸಾಕು. ಡೆನ್ ಅಂದರೆ ವಿದ್ಯುತ್ತು, ಶ ಅಂದರೆ ಗಾಡಿ, ವ ಅಂದರೆ ಮಾತು. ಇಷ್ಟು ಗೊತ್ತಿದ್ದರೆ ಡೆನ್ಶ ಎಲೆಕ್ಟ್ರಿಕ್ ರೈಲು, ಡೆನ್ವ ಫೋನು ಅಂತ ಬಿಡಿಸಿಕೊಳ್ಳಬಹುದು.

ಇಂಗ್ಲಿಷಿನಂತೆ ಕೇಳುವ ಪದಗಳ ಹತ್ತಿರ ಮಾತ್ರ ಹುಷಾರು. ಮನ್ಶೊನ್ ಅಂದರೆ ಬಂಗಲೆ ಅಲ್ಲ, ಅಪಾರ್ಟ್‌ಮೆಂಟ್. ಕೊನ್ಸೆಂತೊ ಅಂದರೆ ಒಪ್ಪಿಗೆ (ಕನ್ಸೆಂಟ್) ಅಲ್ಲ, ಗೋಡೆಯ ಪ್ಲಗ್ ಪಾಯಿಂಟ್.

ದಿನಕ್ಕೆ ಹತ್ತೇ ಹೊಸ ಪದ ಸಾಕು. ಪ್ರತಿಯೊಂದನ್ನೂ ಅವತ್ತು ನೀವು ನಿಜವಾಗಿ ಮಾಡಿದ ಕೆಲಸದ ಬಗ್ಗೆ ಒಂದು ವಾಕ್ಯದಲ್ಲಿಟ್ಟು ಜೋರಾಗಿ ಹೇಳಿ. ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ಪುಸ್ತಕ ಮುಚ್ಚಿ ಮತ್ತೆ ಹೇಳಿ. ಆ 800 ಪದಗಳಲ್ಲಿ ಬಟ್ಟೆಬರೆಗೆ ಸಂಬಂಧಪಟ್ಟವನ್ನು ಇವತ್ತೇ ತೆಗೆದುಕೊಂಡು ಶುರು ಮಾಡಿ, ಬೆಳಿಗ್ಗೆ ರೆಡಿಯಾಗುವಾಗ ಹೇಳಿಕೊಳ್ಳಲು ಅವೇ ಸುಲಭ.