ಹೋದ ಗೋಡೆ ಬರಲ್ಲ, ಆದ್ರೆ ಉಸಿರಿಗೆ ದಾರಿ ಇದೆ

ನಿಮ್ಮ ಪತ್ರ ಎರಡು ಸಲ ಓದ್ದೆ ಮೇಡಂ. ಮೂವತ್ತು ವರ್ಷ ಸಿಗರೇಟ್ ಸೇದಿದ ಅಪ್ಪನಿಗೆ ಸಿಓಪಿಡಿ (ಉಸಿರಿನ ದಾರಿ ಕಟ್ಟಿಕೊಳ್ಳೋ, ಬಹುಕಾಲದ ಶ್ವಾಸಕೋಶದ ಕಾಯಿಲೆ) ಆಗಿದೆ, ಹಾಳಾದ ಶ್ವಾಸಕೋಶ ಮತ್ತೆ ಸರಿಹೋಗುತ್ತಾ, ಇನ್ಹೇಲರ್ ಬಿಡಿಸಿ ಬರೀ ಗಿಡಮೂಲಿಕೆ, ಪ್ರಾಣಾಯಾಮದಲ್ಲೇ ನೋಡ್ಕೋಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಇನ್ಹೇಲರ್ ಬಿಡಿಸ್ಬೇಡಿ.

ಒಳಗೆ ಏನಾಗಿದೆ ನೋಡಿ. ಹೊಗೆ ಹೋದಾಗೆಲ್ಲ ಬಿಳಿ ರಕ್ತಕಣಗಳು ಓಡಿ ಬಂದು ಎಲಾಸ್ಟೇಸ್ ಅನ್ನೋ ಎಂಜೈಮ್ ಬಿಡ್ತವೆ, ಅದು ಗಾಳಿಗೂಡುಗಳ ಗೋಡೇಲಿರೋ ರಬ್ಬರಿನಂಥ ಎಳೆಗಳನ್ನೇ ಕತ್ತರಿಸುತ್ತೆ. ಇದನ್ನ ತಡೆಯೋ ಆಲ್ಫಾ-1 ಆಂಟಿಟ್ರಿಪ್ಸಿನ್ ಅನ್ನೋ ಪ್ರೋಟೀನ್ ಲಿವರ್‌ನಿಂದ ಬರುತ್ತೆ, ಆದ್ರೆ ಹೊಗೆ ಅದನ್ನೂ ಕೆಲಸಕ್ಕೆ ಬಾರದ ಹಾಗೆ ಮಾಡ್ಬಿಡುತ್ತೆ. 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್, ಈ ಪ್ರೋಟೀನ್ ಕಮ್ಮಿ ಇರೋರಿಗೆ ಎಂಫಿಸಿಮಾ, ಅಂದ್ರೆ ಗಾಳಿಗೂಡುಗಳ ಗೋಡೆ ಹಾಳಾಗೋ ಕಾಯಿಲೆ, ಬರೋದನ್ನ ಗುರುತಿಸಿದ್ರು, ಈ ಜಗಳ ಅರ್ಥ ಆಗೋಕೆ ಶುರುವಾಗಿದ್ದೇ ಅಲ್ಲಿಂದ. ಗೋಡೆ ಹೋಗಿ ಪುಟ್ಟ ಗೂಡುಗಳು ಸೇರ್ಕೊಂಡು ದೊಡ್ಡ ಪೊಳ್ಳಾಗುತ್ತೆ, ಅದನ್ನ ಮತ್ತೆ ಕಟ್ಟೋ ಔಷಧಿ ಇವತ್ತಿಗೂ ಯಾವ ಪದ್ಧತೀಲೂ ಇಲ್ಲ.

ಆದ್ರೆ ಅಪ್ಪನ ಏದುಸಿರಿಗೆ ಇದೊಂದೇ ಕಾರಣ ಅಲ್ಲ. ಸಣ್ಣ ಶ್ವಾಸನಾಳಗಳನ್ನ ಸುತ್ತಲಿಂದ ಎಳೆದು ತೆರೆದಿಡ್ತಿದ್ದಿದ್ದೂ ಆ ಎಳೆಗಳೇ, ಅವು ಹೋದ್ರೆ ಉಸಿರು ಬಿಡುವಾಗ ನಾಳ ಕುಸಿದು ಗಾಳಿ ಒಳಗೇ ಸಿಕ್ಕಾಕೊಳ್ಳುತ್ತೆ, ಮೇಲೆ ಕಫ ಬೇರೆ, ಹೊಸ ಗಾಳಿಗೆ ಜಾಗ ಎಲ್ಲಿ? ಇನ್ಹೇಲರ್ ನಾಳ ತೆರೆಯುತ್ತೆ, ಸಿಕ್ಕ ಗಾಳಿ ಹೊರಗೆ ಹೋಗುತ್ತೆ. ಅಪ್ಪ ಮೆಟ್ಟಿಲು ಹತ್ತುವಾಗ ಹೀಗೆ ಮಾಡಿಸಿ: ಮೂಗಿಂದ ಉಸಿರು ತಗೊಂಡು, ತುಟಿ ಸಣ್ಣಗೆ ಮಾಡಿ, ದೀಪ ಆರದೆ ಬರೀ ಅಲ್ಲಾಡೋ ಹಾಗೆ ನಿಧಾನಕ್ಕೆ ಊದೋದು, ತಗೊಂಡ ಟೈಮಿನ ಎರಡರಷ್ಟು ಟೈಮ್ ಬಿಡೋಕೆ. ಆ ಒತ್ತಡಕ್ಕೆ ನಾಳ ಕುಸಿಯಲ್ಲ. ಪ್ರಾಣಾಯಾಮ ಮಾಡಿಸೋದಾದ್ರೂ ಈ ಥರ ಮೆಲ್ಲಗಿರೋದೇ ಇರ್ಲಿ, ರಭಸವಾಗಿ ಊದೋದು, ಉಸಿರು ಬಿಗಿಹಿಡಿಯೋದು ಅವರಿಗೆ ಬೇಡ.

ಸಮಗ್ರ ಚಿಕಿತ್ಸೆ ಅಂದ್ರೆ ಇನ್ಹೇಲರ್ ಜೊತೆಗೆ ಬೇರೇದನ್ನ ಸೇರಿಸೋದು. ಪಲ್ಮನರಿ ರಿಹ್ಯಾಬ್ ಅಂತ ನಡಿಗೆ, ಕೈಕಾಲಿನ ವ್ಯಾಯಾಮ ಹೇಳಿಕೊಡ್ತಾರೆ, ಶ್ವಾಸಕೋಶ ಹಾಗೇ ಇದ್ರೂ ಸ್ನಾಯು ಗಟ್ಟಿಯಾಗಿ ಏದುಸಿರು ಕಮ್ಮಿ ಆಗುತ್ತೆ, ದಯವಿಟ್ಟು ಸೇರಿಸಿ. ಫ್ಲೂ, ನ್ಯುಮೋನಿಯಾ ಲಸಿಕೆ ಕೇಳಿ. ಗಿಡಮೂಲಿಕೆ ಕೊಡ್ತಿದ್ರೆ ಡಾಕ್ಟರ್‌ಗೆ ಹೇಳಿ, ಮುಚ್ಚಿಡ್ಬೇಡಿ.

ತುಟಿ ನೀಲಿಯಾದ್ರೆ, ಒಂದು ವಾಕ್ಯ ಪೂರ್ತಿ ಮಾತಾಡೋಕಾಗ್ದಿದ್ರೆ, ಕಾಯದೆ ಆಸ್ಪತ್ರೆಗೆ ಹೋಗಿ.

ಅಪ್ಪ ಈಗಲೂ ಸೇದ್ತಾರಾ ಅಂತ ನೀವು ಬರೆದಿಲ್ಲ. ಬಿಟ್ರೆ ಮುಂದೆ ಆಗೋ ಹಾನಿಯ ವೇಗ ಯಾವ ವಯಸ್ಸಲ್ಲೂ ಇಳಿಯುತ್ತೆ, ಅದಕ್ಕೇ ಕೇಳ್ತಿದ್ದೀನಿ, ಮುಂದಿನ ಪತ್ರದಲ್ಲಿ ಅದೊಂದು ತಿಳಿಸಿ.