ಓದುಗರ ಪ್ರಶ್ನೆ: ರಾವಣನ ಪರವಾಗಿ ವಕಾಲತ್ತು

ಪ್ರಶ್ನೆ: ಈಚೆಗೆ ಮಗಳೊಂದಿಗೆ ಹಳೇಬೀಡಿಗೆ ಹೋಗಿದ್ದೆ. ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಕೈಲಾಸವನ್ನೆತ್ತುತ್ತಿರುವ ರಾವಣನನ್ನು ನೋಡುತ್ತ ಅವಳು, ‘ಏನೇ ಆದರೂ ಅವನು ಸೀತೆಯನ್ನು ಮುಟ್ಟಲಿಲ್ಲವಲ್ಲ ಅಪ್ಪ, ತಂಗಿಯ ಮೂಗು ಕೊಯ್ದವರ ಮೇಲೆ ಸೇಡು ತೀರಿಸಿಕೊಂಡ, ಅಷ್ಟೇ’ ಎಂದಳು. ಧಾರಾವಾಹಿಯ ಖಳರ ವಿಷಯದಲ್ಲೂ ಅವಳ ವಾದ ಇದೇ ಧಾಟಿಯದು. ಇದನ್ನು ತಿದ್ದಬೇಕೆ?
– ಓದುಗರೊಬ್ಬರು, ಹಾಸನ

ಉತ್ತರ: ಮೆಚ್ಚುಗೆಯನ್ನು ತಿದ್ದಬೇಕಿಲ್ಲ, 12ನೆಯ ಶತಮಾನದ ಆ ಶಿಲ್ಪಿಯೇ ರಾವಣನ ತಲೆ, ತೋಳುಗಳ ಮೇಲೆ ಅಷ್ಟು ಶ್ರಮ ಸುರಿದಿರುವಾಗ ನೋಡುವವರ ಕಣ್ಣು ಅಲ್ಲಿ ನಿಲ್ಲುವುದು ಸಹಜ. ವಾದವನ್ನು ಮಾತ್ರ ಪರಿಶೀಲಿಸಬೇಕು. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ರಾವಣನು ರಂಭೆಯ ಮೇಲೆ ಬಲಾತ್ಕಾರ ಮಾಡುತ್ತಾನೆ. ಒಲ್ಲದ ಹೆಣ್ಣನ್ನು ಇನ್ನೊಮ್ಮೆ ಬಲವಂತವಾಗಿ ಕೂಡಿದರೆ ತಲೆ ಸಿಡಿದುಹೋಗಲಿ ಎಂದು ರಂಭೆಯ ನಲ್ಲ, ಕುಬೇರನ ಮಗ ನಳಕೂಬರನು ಶಪಿಸುತ್ತಾನೆ. ಆ ಕಥೆಯಲ್ಲಿ ಸೀತೆಯನ್ನು ಕಾಯ್ದದ್ದು ಅವನ ಸಭ್ಯತೆಯಲ್ಲ, ಪ್ರಾಣಭಯ. ಒಲ್ಲದವಳನ್ನು ಮುಟ್ಟೆನೆಂಬ ವ್ರತ ತೊಟ್ಟ ರಾವಣ ಬೇರೆಯವನು. ಅವನು ಜೈನ ಪರಂಪರೆಯವನು, ನಮ್ಮ ಕನ್ನಡ ಕವಿ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದವನು. ಅಭಿಮಾನಿಗಳು ಅಲ್ಲಿಂದ ವ್ರತವನ್ನು, ಇಲ್ಲಿಂದ ಶಿವಭಕ್ತಿ ಮತ್ತು ತಂಗಿಯ ಅವಮಾನವನ್ನು ಆಯ್ದುಕೊಂಡು, ರಂಭೆಯನ್ನು ಎಲ್ಲಿಯೋ ಬಿಟ್ಟು, ಯಾವ ಕವಿಯೂ ಬರೆಯದ ಮೂರನೆಯ ರಾವಣನೊಬ್ಬನನ್ನು ಕಟ್ಟಿಕೊಳ್ಳುತ್ತಾರೆ. (ವಕೀಲರಾದರೆ ಇದು ಜಾಣತನ, ಓದುಗರಾದರೆ ಅಲ್ಲ.)

ಇನ್ನೂ ಸ್ವಾರಸ್ಯವೆಂದರೆ, ರಾವಣನ ಬಗೆಗೆ ಅಷ್ಟೊಂದು ಮರುಕ ಹುಟ್ಟಿಸುವ ನಾಗಚಂದ್ರನೂ ಅವನ ತಪ್ಪನ್ನು ಮನ್ನಿಸುವುದಿಲ್ಲ. ಸೀತೆ ಮೂರ್ಛೆಹೋದದ್ದನ್ನು ಕಂಡು ರಾವಣನ ಮನಸ್ಸು ತಿರುಗುತ್ತದೆ, ತಾನು ಮಾಡಿದ್ದು ಅನುಚಿತವೆಂದು ಅವನೇ ಒಪ್ಪಿಕೊಳ್ಳುತ್ತಾನೆ. ಆದರೂ ಸೀತೆಯನ್ನು ಆಗಲೇ ಒಪ್ಪಿಸಿದರೆ ಅಳುಕಿದನೆಂದಾರು ಎಂಬ ಅಭಿಮಾನದಿಂದ, ರಾಮಲಕ್ಷ್ಮಣರನ್ನು ಗೆದ್ದ ಮೇಲೆಯೇ ಒಪ್ಪಿಸುವೆನೆಂದು ಯುದ್ಧಕ್ಕೆ ನಡೆಯುತ್ತಾನೆ. ನಮ್ಮ ಮರುಕಕ್ಕೆ ಕಾರಣವಾಗುವುದೇ ಆ ತಪ್ಪೊಪ್ಪಿಗೆ. ಅವನೇ ತಪ್ಪೆಂದುಕೊಂಡದ್ದನ್ನು ನಾವು ಸರಿಯೆಂದು ಸಾಧಿಸಹೊರಟರೆ ಕವಿಯ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಮಗಳ ಮುಂದೆ ಉಪದೇಶ ಬೇಡ. ಅಶೋಕವನದಲ್ಲಿ ಕುಳಿತವಳ ಕಡೆಯಿಂದ ಅದೇ ಕಥೆಯನ್ನು ಒಮ್ಮೆ ಹೇಳೆಂದು ಕೇಳಿ ನೋಡಿ.

ಪ್ರಶ್ನೆ: ಖಳನು ಉಂಡ ನೋವನ್ನು ತಿಳಿದ ಮೇಲೂ ಅವನನ್ನು ದೂಷಿಸುವುದು ನಿರ್ದಯವಲ್ಲವೆ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ನೋವು ಕಾರಣವನ್ನು ತಿಳಿಸುತ್ತದೆ, ಪರವಾನಗಿಯನ್ನು ಕೊಡುವುದಿಲ್ಲ. ಮೇಲಿನ ಪ್ರಶ್ನೆಯ ರಾವಣನನ್ನೇ ತೆಗೆದುಕೊಳ್ಳಿ. ಸೀತೆಯನ್ನು ಹಿಂದಿರುಗಿಸೆಂದು ತುಂಬಿದ ಸಭೆಯಲ್ಲಿ ಅವನಿಗೆ ಹೇಳಿದವನು ವಿಭೀಷಣ. ಮೂಗು ಕೊಯ್ಯಿಸಿಕೊಂಡ ಶೂರ್ಪನಖಿ ಆ ವಿಭೀಷಣನಿಗೂ ಒಡಹುಟ್ಟಿದವಳೇ.